ಕಾವಿನಿಂದ ಕಾಗದಗಳನ್ನು ಕಟ್ಟುವ ಕ್ರಮ

ಬಿಡಿ ಹಾಳೆಗೆ ಆಯುಷ್ಯ ಕಡಮೆ. ಗಾಳಿಗೆ ಹಾರುವುದು, ಮೂಲೆ ಮಡಿಯುವುದು, ಬೇಕಾದ ದಿನ ಕಣ್ಣಿಗೆ ಬೀಳದೆ ಹೋಗುವುದು ಅದರ ಸ್ವಭಾವ. ಆದುದರಿಂದಲೇ ನಮ್ಮ ಹಿರಿಯರು ತಾಳೆಯೋಲೆಗಳಿಗೆ ರಂಧ್ರ ಕೊರೆದು, ದಾರ ಪೋಣಿಸಿ, ಮೇಲೆ ಕೆಳಗೆ ಮರದ ಹಲಗೆಗಳನ್ನಿಟ್ಟು ಬಿಗಿದರು. ಕಾಗದ ಬಂದಮೇಲೆ ದಾರದ ಹೊಲಿಗೆಯೂ, ಹುಳು ಹಿಡಿಯದಂತೆ ಮೈಲುತುತ್ತ ಬೆರೆಸಿದ ಹಿಟ್ಟಿನ ಅಂಟೂ, ರಟ್ಟೂ ರೂಢಿಗೆ ಬಂದುವು. ಇಂದು ಹುಬ್ಬಳ್ಳಿಯ ನಮ್ಮ ದೇಶಪಾಂಡೆ ನಗರದಲ್ಲಿ ವಿದ್ಯಾರ್ಥಿಯೊಬ್ಬನು ತನ್ನ ಪ್ರಬಂಧವನ್ನು ಝೆರಾಕ್ಸ್ ಅಂಗಡಿಗೆ ಒಯ್ದರೆ, ಸೂಜಿ ದಾರಗಳ ಗೊಡವೆಯೇ ಇಲ್ಲದೆ ಅದು ಕೆಲವು ನಿಮಿಷಗಳಲ್ಲಿ ಪುಸ್ತಕವಾಗಿ ಕೈಗೆ ಬರಬಲ್ಲುದು. ಇದು ಕಾವು ಮಾಡುವ ಕೆಲಸ. ಅದರ ಗುಟ್ಟೇನು, ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಈಗ ವಿಚಾರಿಸೋಣ.

ಹಿಟ್ಟಿನ ಅಂಟು ನೀರು ಆರಿದಮೇಲೆ ಬಿಗಿಯುವುದು. ಅದಕ್ಕೆ ಹೊತ್ತು ಬೇಕು, ನೀರು ಕುಡಿದ ಕಾಗದ ಸೊಟ್ಟಗಾಗುವುದೂ ಉಂಟು. ಕಾವಿನ ಅಂಟಿನಲ್ಲಿ ನೀರೇ ಇಲ್ಲ. ಅದು ಇಥಿಲೀನ್ ವಿನೈಲ್ ಅಸಿಟೇಟ್ ಎಂಬ ಕೃತಕ ದ್ರವ್ಯ. ಬಿಸಿಯಾದಾಗ ಜೇನಿನಂತೆ ಹರಿಯುವುದು, ತಣಿದಾಗ ಗಟ್ಟಿಯಾಗುವುದು. ಆರುವುದಕ್ಕಲ್ಲ, ತಣಿಯುವುದಕ್ಕೆ ಮಾತ್ರ ಕಾಯಬೇಕು. ಇದೇ ಅದರ ವೇಗದ ಕಾರಣ.

ಈ ಕೆಲಸಕ್ಕೆ ಎರಡು ಮಾರ್ಗಗಳುಂಟು. ಮೇಜಿನ ಮೇಲಿನ ಚಿಕ್ಕ ಯಂತ್ರಕ್ಕೆ ಬೆನ್ನಿನೊಳಗೆ ಅಂಟಿನ ಪಟ್ಟಿಯಿರುವ ಸಿದ್ಧ ಹೊದಿಕೆಗಳು ಬೇಕು. ಹಾಳೆಗಳನ್ನು ಕುಟ್ಟಿ ಸಮಮಾಡಿ, ಹೊದಿಕೆಯಲ್ಲಿಟ್ಟು, ಬೆನ್ನು ಕೆಳಗಾಗಿ ಬಿಸಿ ತಗಡಿನ ಮೇಲೆ ಒಂದು ನಿಮಿಷದಷ್ಟು ನಿಲ್ಲಿಸುವರು. ಸಾಮಾನ್ಯ ಕಾಗದದ 100 ಹಾಳೆಗಳ ದಪ್ಪ ಸುಮಾರು 10 ಮಿಲಿಮೀಟರು. ಹೊದಿಕೆಯ ಬೆನ್ನು ಅದಕ್ಕೆ ಸರಿಹೊಂದಬೇಕು. ಬೆನ್ನು ಅಗಲವಾದರೆ ಅಂಚಿನ ಹಾಳೆಗಳಿಗೆ ಅಂಟು ತಾಗದು. ಮುದ್ರಣಾಲಯದ ದೊಡ್ಡ ಯಂತ್ರವಾದರೋ ಕಟ್ಟಿನ ಬೆನ್ನನ್ನು ಕೆಲವು ಮಿಲಿಮೀಟರು ಕೆತ್ತಿ, ಒರಟುಮಾಡಿ, ಸುಮಾರು 150ರಿಂದ 180 ಡಿಗ್ರಿ ಸೆಂಟಿಗ್ರೇಡಿನಷ್ಟು ಕಾದ ಅಂಟನ್ನು ಬಳಿದು ಹೊದಿಕೆಯನ್ನು ಒತ್ತುವುದು. ಒರಟಾದ ಅಂಚಿನ ನಾರುಗಳನ್ನು ಅಂಟು ಹಿಡಿದುಕೊಳ್ಳುವಷ್ಟು ಚೆನ್ನಾಗಿ ನುಣುಪಾದ ಅಂಚನ್ನು ಹಿಡಿಯಲಾರದು. ಹೊಳಪಿನ ಕಾಗದದ ಪುಟಗಳು ಬೇಗ ಕಳಚುವುದು ಇದರಿಂದಲೇ. ಎರಡು ಮಾರ್ಗಗಳಲ್ಲಿಯೂ ತಣಿಯುವ ಮೊದಲೇ ಪುಸ್ತಕವನ್ನು ಬಿಡಿಸಿ ನೋಡುವ ಆತುರ ಕೂಡದು.

ಹೊಲಿಗೆಯಿಲ್ಲದೆ ಅಂಟೊಂದನ್ನೇ ನಂಬುವ ಯೋಚನೆ ಹೊಸದಲ್ಲ. 1836ರಲ್ಲಿ ಇಂಗ್ಲೆಂಡಿನ ವಿಲಿಯಂ ಹ್ಯಾನ್‌ಕಾಕ್ ಎಂಬವರು ರಬ್ಬರಿನ ದ್ರಾವಣದಿಂದ ಬಿಡಿ ಹಾಳೆಗಳನ್ನು ಕಟ್ಟುವ ಕ್ರಮಕ್ಕೆ ಪೇಟೆಂಟು ಪಡೆದರು. ಚಿತ್ರಗಳುಳ್ಳ ಅಂದವಾದ ಗ್ರಂಥಗಳು ಹಾಗೆ ಕಟ್ಟಲ್ಪಟ್ಟುವು. ಕಾಲಕ್ರಮದಲ್ಲಿ ರಬ್ಬರು ಒಣಗಿ ಪುಡಿಯಾಗಿ, ಪುಟಗಳು ಒಂದೊಂದಾಗಿ ಉದುರಿದುವು. ಇಂದಿನ ಅಂಟು ಅದಕ್ಕಿಂತ ಬಹಳ ಮೇಲು. ಆದರೆ ಕಾವಿನಿಂದ ಕಟ್ಟಿದುದು ಕಾವಿನಿಂದಲೇ ಸಡಿಲುವುದು. ವೈಶಾಖದ ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ಮೋಟಾರಿನೊಳಗಿಟ್ಟ ಪುಸ್ತಕದ ಬೆನ್ನು ಮೆತ್ತಗಾಗಬಹುದು. ಕಡುಚಳಿಯಲ್ಲಿ ಪೂರ್ತಿ ಬಿಚ್ಚಿ ಒತ್ತಿದರೆ ಬಿರಿಯಬಹುದು. ಪಾಲಿಯುರೆಥೇನ್ ಎಂಬ ಮತ್ತೊಂದು ಅಂಟು ಗಾಳಿಯ ತೇವವನ್ನು ಹೀರಿ ಗಟ್ಟಿಯಾಗುವುದು. ಅದು ಮರಳಿ ಕರಗದು, ಬಲವೂ ಹೆಚ್ಚು, ವೆಚ್ಚವೂ ಹೆಚ್ಚು.

ನನ್ನ ಅನುಭವವೊಂದನ್ನು ಹೇಳಿದರೆ ತಪ್ಪಾಗಲಾರದು. ನಮ್ಮ ತೀರ್ಥರೂಪರು ಸ್ವಹಸ್ತದಿಂದ ಬರೆದಿಟ್ಟಿದ್ದ ಟಿಪ್ಪಣಿಯ ಹಾಳೆಗಳು ಚದುರಿಹೋಗದಿರಲೆಂದು ಅವನ್ನು ಕಟ್ಟಲು ಕೊಟ್ಟೆನು. ಅವರು ಕಾಗದವನ್ನು ಉಳಿಸುವ ಸ್ವಭಾವದವರು. ಅಂಚಿನಲ್ಲಿ ಸ್ಥಳ ಬಿಡದೆ ಬರೆಯುತ್ತಿದ್ದರು. ಕಟ್ಟು ಬಲು ಚೆಲುವಾಗಿ ಬಂದಿತು. ತೆರೆದು ನೋಡಿದರೆ, ಬೆನ್ನನ್ನು ಕೆತ್ತುವಾಗ ಪ್ರತಿ ಸಾಲಿನ ಮೊದಲ ಅಕ್ಷರವೂ ಹೋಗಿದ್ದಿತು. ಕೆಲಸಗಾರನು ತನ್ನ ಕ್ರಮದಂತೆ ಮಾಡಿದನು. ಅಂಚು ನೋಡದೆ, ಏನೂ ಹೇಳದೆ ಕೊಟ್ಟವನು ನಾನು. ಹೋದ ಅಕ್ಷರಗಳನ್ನು ಇಂದಿಗೂ ಊಹಿಸಿಕೊಂಡು ಓದುತ್ತೇನೆ.

ಆದುದರಿಂದ ನಾನು ಅನುಸರಿಸುವ ನಿಯಮ ಇಷ್ಟೆ. ವರದಿ, ಪಾಠದ ಟಿಪ್ಪಣಿ, ಪ್ರಬಂಧದ ಪ್ರತಿ, ಇಂಥವು ಕಳೆದರೆ ಮತ್ತೆ ಅಚ್ಚುಮಾಡಿಸಬಹುದು. ಅವಕ್ಕೆ ಕಾವಿನ ಕಟ್ಟು ಯೋಗ್ಯವಾದುದು, ಅಗ್ಗವಾದುದು, ನೋಟಕ್ಕೂ ಚೆನ್ನು. ಬೆನ್ನಿನ ಕಡೆಗೆ ಒಂದು ಅಂಗುಲ ಅಂಚು ಬಿಟ್ಟರೆ ಸಾಕು. ಪದೇ ಪದೇ ತೆರೆಯುವ, ತಲೆಮಾರುಗಳವರೆಗೆ ಬಾಳಬೇಕಾದ ಗ್ರಂಥಕ್ಕೆ ದಾರದ ಹೊಲಿಗೆಯೇ ಲೇಸು. ಹೊಲದ ಖರೀದಿಪತ್ರ, ಪ್ರಮಾಣಪತ್ರ, ಹಿರಿಯರ ಕೈಬರಹ, ಇಂಥ ಮೂಲಪ್ರತಿಗಳನ್ನು ಹೊಲಿಯಲೂ ಕೂಡದು, ಅಂಟಿಸಲೂ ಕೂಡದು. ಅವುಗಳ ನಕಲನ್ನು ಕಟ್ಟಿಸಿ, ಮೂಲವನ್ನು ಲಕೋಟೆಯಲ್ಲಿ ಬಿಡಿಯಾಗಿ, ಒಣಗಿದ ಜಾಗದಲ್ಲಿಡಬೇಕು. ಕಾಗದಗಳನ್ನು ಅಂಗಡಿಗೆ ಕೊಡುವ ಮೊದಲು, ಇದು ಹಾಳಾದರೆ ಇನ್ನೊಂದು ದೊರಕೀತೆ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು. ದೊರಕದು ಎಂದಾದರೆ ಅದನ್ನು ಮನೆಗೆ ಮರಳಿ ತರುವುದೇ ಜಾಣತನ.