ಮುರಿದ ಹಾಯಿಕಂಬಕ್ಕೆ ಮೊಳೆಯೋ, ಅಂಟೋ?

ಜಯನಗರದ ಮನೆಯೊಂದರಲ್ಲಿ ಕಿಟಕಿಯ ಚೌಕಟ್ಟು ಸಡಿಲವಾದರೆ ಬಡಗಿಯು ಬಿಳಿಯ ಅಂಟನ್ನು ಹಚ್ಚಿ, ನಾಲ್ಕು ಕಬ್ಬಿಣದ ಮೊಳೆಗಳನ್ನು ಹೊಡೆದು ಕೆಲಸ ಮುಗಿಸುತ್ತಾನೆ. ಸೂರಿನಡಿಯ ಆ ದುರಸ್ತಿ ಹಲವು ವರ್ಷ ಬಾಳುತ್ತದೆ. ಇದೇ ಉಪಾಯವನ್ನು ಹಾಯಿದೋಣಿಯ ಕಂಬಕ್ಕೆ ಅನ್ವಯಿಸಿದರೆ ಒಂದೇ ಬಿರುಗಾಳಿಗೆ ಕಂಬ ಮುರಿದು ದೋಣಿಯವರ ತಲೆಯ ಮೇಲೆ ಬಿದ್ದೀತು. ಈ ವ್ಯತ್ಯಾಸಕ್ಕೆ ಕಾರಣವೇನೆಂಬುದನ್ನು ನಾವು ವಿಚಾರಿಸೋಣ.

ಹಾಯಿಗಳ ಕಾಲದಲ್ಲಿ ಹಡಗುಗಳ ಕಂಬಗಳಿಗೆ ಪಶ್ಚಿಮಘಟ್ಟಗಳ ಪೂನ್ ಮರಕ್ಕೆ ಬಹಳ ಬೇಡಿಕೆಯಿತ್ತು. ಸುರಹೊನ್ನೆಯ ಬಳಗಕ್ಕೆ ಸೇರಿದ ಈ ಮರ ನೆಟ್ಟಗೆ, ಎತ್ತರವಾಗಿ ಬೆಳೆಯುತ್ತದೆ. ಗಾಳಿಯು ಹಾಯಿಯನ್ನು ತುಂಬಿದಾಗ ಕಂಬ ಬಾಗಿ, ಅದರ ಒಂದು ಮಗ್ಗುಲು ಹಿಗ್ಗಲೆಳೆಯಲ್ಪಡುತ್ತದೆ, ಇನ್ನೊಂದು ಅದುಮಲ್ಪಡುತ್ತದೆ. ಈ ಎಳೆತವನ್ನು ತಡೆಯುವುದು ಉದ್ದಕ್ಕೂ ಹರಿದಿರುವ ಮರದ ನಾರುಗಳು.

ಮರದ ನಾರುಗಳು ಸಣ್ಣ ಕೊಳವೆಗಳ ಕಟ್ಟಿನಂತಿವೆ. ಅಡ್ಡ ಕೊಯ್ದ ಎರಡು ತುದಿಗಳನ್ನು ಎದುರುಬದುರಾಗಿ ಅಂಟಿಸಿದರೆ ಕೊಳವೆಗಳು ಅಂಟನ್ನು ಹೀರಿಬಿಡುತ್ತವೆ, ಬೆಸುಗೆ ದುರ್ಬಲವಾಗುತ್ತದೆ. ಆದುದರಿಂದ ತುದಿಗಳನ್ನು ಓರೆಯಾಗಿ ಕೆತ್ತಿ, ಒಂದರ ಮೇಲೊಂದು ಕೂಡಿಸಬೇಕು. ದಪ್ಪದ 10ರಿಂದ 12 ಪಟ್ಟು ಉದ್ದದ ಓರೆ ಬೇಕು. 10 ಸೆಂಟಿಮೀಟರ್ ದಪ್ಪದ ಕಂಬಕ್ಕೆ ಒಂದು ಮೀಟರಿಗೂ ಕಡಿಮೆಯಾಗಬಾರದು. ಹೀಗೆ ಮಾಡಿದಾಗ ಭಾರವನ್ನು ಹೊರುವುದು ಅಂಟೇ ಹೊರತು ಮೊಳೆಯಲ್ಲ. ಮೊಳೆಗಾಗಿ ಕೊರೆದ ಪ್ರತಿಯೊಂದು ರಂಧ್ರವೂ ನಾರುಗಳನ್ನು ಕಡಿದು, ನೀರಿಗೆ ದಾರಿ ಮಾಡಿಕೊಡುತ್ತದೆ.

ಇನ್ನು ಅಂಟಿನ ವಿಚಾರ. ಬಡಗಿಯ ಬಿಳಿಯ ಅಂಟು ನೀರಿನಲ್ಲಿ ಮೆತ್ತಗಾಗುತ್ತದೆ. ಎಡೆಬಿಡದ ಭಾರಕ್ಕೆ ಮೆಲ್ಲಮೆಲ್ಲನೆ ಜಾರುತ್ತದೆ. ರಿಸಾರ್ಸಿನಾಲ್ ಅಂಟು ನೀರಿಗೆ ಜಗ್ಗುವುದಿಲ್ಲ. ಆದರೆ ಜೋಡಣೆ ಸ್ವಲ್ಪವೂ ಸಂದಿಲ್ಲದಂತಿರಬೇಕು, ಬಲವಾದ ಒತ್ತಡವೂ ಬೇಕು. ಎಪಾಕ್ಸಿಯಾದರೋ ಸಣ್ಣ ಸಂದುಗಳನ್ನು ತುಂಬಿಕೊಳ್ಳುತ್ತದೆ, ಹಗುರವಾಗಿ ಒತ್ತಿ ಹಿಡಿದರೆ ಸಾಕು. ಹೆಚ್ಚು ಒತ್ತಿದರೆ ಅಂಟೆಲ್ಲ ಹೊರಬಂದು ಜೋಡಣೆ ಬರಿದಾಗುತ್ತದೆ. ಅದಕ್ಕೂ ಶತ್ರುಗಳುಂಟು. ಸಾಮಾನ್ಯ ಎಪಾಕ್ಸಿ 50-60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮೆದುವಾಗತೊಡಗುತ್ತದೆ. ಬಿಸಿಲಿನ ನೇರಳಾತೀತ ಕಿರಣಗಳು ಅದನ್ನು ಕೆಡಿಸುತ್ತವೆ. ಆದುದರಿಂದ ಕಂಬಕ್ಕೆ ಕಪ್ಪು ಬಣ್ಣ ಬೇಡ, ಬಿಳಿಯ ಬಣ್ಣವೇ ಲೇಸು. ತೇಗದಲ್ಲಿ ಎಣ್ಣೆಯ ಅಂಶವಿರುವುದರಿಂದ ಅಂಟಿಸುವ ಮುನ್ನ ಅಸಿಟೋನಿನಿಂದ ಒರೆಸಬೇಕು.

ಮರದ ತೇವವನ್ನೂ ನಾವು ಮರೆಯಬಾರದು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಬೇಸಿಗೆಯಲ್ಲಿ ಒಣಗಿದ ಮರ, ಕರಾವಳಿಯ ಹವೆಯಲ್ಲಿ ಉಬ್ಬುತ್ತದೆ. ಒಣಮರವನ್ನು ಹಸಿಮರಕ್ಕೆ ಅಂಟಿಸಿದರೆ ಎರಡೂ ಬೇರೆಬೇರೆಯಾಗಿ ಹಿಗ್ಗಿ ಕುಗ್ಗಿ ಬೆಸುಗೆಯನ್ನು ಹರಿಯುತ್ತವೆ. ತೇವವನ್ನು ಅಳೆಯುವುದು ಸುಲಭ. 56 ಗ್ರಾಂ ತೂಗುವ ತುಂಡನ್ನು ತೂಕ ಇಳಿಯದಾಗುವವರೆಗೆ 103 ಡಿಗ್ರಿಯಲ್ಲಿ ಒಣಗಿಸಿದಾಗ 50 ಗ್ರಾಂ ಉಳಿದರೆ ತೇವ 12 ಶೇಕಡ. ಅಂಟಿಸುವುದಕ್ಕೆ ಇದು ಯೋಗ್ಯ ಪ್ರಮಾಣ.

ಹಾಗಾದರೆ ಲೋಹವೇ ಬೇಡವೇ? ಹಗ್ಗಗಳನ್ನು ಬಿಗಿಯುವ ಕೊಂಡಿಗಳಿಗೆ ಸ್ಕ್ರೂ, ಬೋಲ್ಟುಗಳು ಬೇಕೇ ಬೇಕು. ಕಬ್ಬಿಣವು ಉಪ್ಪುನೀರಿನಲ್ಲಿ ತುಕ್ಕು ಹಿಡಿದು ಉಬ್ಬಿ ಮರವನ್ನು ಸೀಳುತ್ತದೆ. ಹಿತ್ತಾಳೆಯೊಳಗಿನ ಸತುವು ಕರಗಿಹೋಗಿ, ಟೊಳ್ಳಾದ ತಾಮ್ರ ಮಾತ್ರ ಉಳಿಯುತ್ತದೆ. ಸಿಲಿಕಾನ್ ಕಂಚು ಉತ್ತಮ. 316 ದರ್ಜೆಯ ತುಕ್ಕುರಹಿತ ಉಕ್ಕೂ ಆಗಬಹುದು. ಆದರೆ ಆಮ್ಲಜನಕ ತಲಪದ ಒದ್ದೆಮರದಲ್ಲಿ ಹುದುಗಿದ ಈ ಉಕ್ಕೂ ಗುಳಿಬೀಳುವುದುಂಟು. ಎರಡು ಬೇರೆ ಲೋಹಗಳು ಉಪ್ಪುನೀರಿನಲ್ಲಿ ತಗಲಿದರೆ ವಿದ್ಯುತ್ಕೋಶದಂತಾಗಿ ಒಂದು ಸವೆಯುತ್ತದೆ. ಆದುದರಿಂದ ಒಂದೇ ಲೋಹವನ್ನು ಬಳಸಬೇಕು.

ಕೊನೆಗೊಂದು ಪರೀಕ್ಷೆ. ಅದೇ ಮರದ ಎರಡು ಚೂರುಗಳನ್ನು ಅದೇ ಅಂಟಿನಿಂದ ಕೂಡಿಸಿ, ಕೆಲವು ಸಲ ತಣ್ಣೀರಿನಲ್ಲಿ ನೆನೆಯಿಸಿ ಒಣಗಿಸಿ, ಉಳಿಯಿಂದ ಸೀಳಿರಿ. ಸೀಳು ಅಂಟಿನಲ್ಲಿ ಹೋದರೆ ಆ ಕಂಬವನ್ನು ನಂಬಬೇಡಿ. ಮರದಲ್ಲಿ ಹೋದರೆ ಬೆಸುಗೆ ಮರಕ್ಕಿಂತ ಗಟ್ಟಿಯೆಂದು ತಿಳಿಯಬಹುದು.