ಬೀಗ ಹಾಕಿದ ಮನೆಗೆ ಭಾರೀ ವಿದ್ಯುತ್ ಬಿಲ್ಲು: ಗ್ರಾಹಕರು ಅರಿತಿರಬೇಕಾದ ಸಂಗತಿಗಳು

ಮುಂಬಯಿ, ಠಾಣೆ, ಡೊಂಬಿವಲಿ, ನವಿಮುಂಬಯಿಗಳಲ್ಲಿ ನೆಲೆಸಿರುವ ನಮ್ಮ ಕನ್ನಡಿಗರಲ್ಲಿ ಅನೇಕರು ನಿವೃತ್ತಿಯ ಅನಂತರ ವರ್ಷದ ಬಹುಭಾಗವನ್ನು ಊರಿನಲ್ಲೇ ಕಳೆಯುತ್ತಾರೆ. ಬೆವರು ಸುರಿಸಿ ಕಟ್ಟಿಕೊಂಡ ಇಲ್ಲಿಯ ಮನೆಯನ್ನು ಮಾರಲು ಮನಸ್ಸಿಲ್ಲ, ಬಾಡಿಗೆಗೆ ಕೊಡಲು ಧೈರ್ಯವಿಲ್ಲ. ಹಾಗಾಗಿ ಮನೆಗೆ ಬೀಗ. ಮದುವೆಗೋ ವೈದ್ಯರ ಭೇಟಿಗೋ ಮರಳಿ ಬಂದಾಗ, ಯಾರೂ ವಾಸವಿಲ್ಲದ ಮನೆಗೆ ತುಂಬು ಸಂಸಾರದ ಮನೆಗಿಂತಲೂ ಹೆಚ್ಚಿನ ವಿದ್ಯುತ್ ಬಿಲ್ಲು ಬಂದಿರುವುದು ಗಮನಕ್ಕೆ ಬರುತ್ತದೆ. ಬ್ಯಾಂಕಿನ ಕೌಂಟರಿನಲ್ಲಿ ಕುಳಿತ ನಮ್ಮೆದುರು ಪಾಸ್‌ಪುಸ್ತಕ ಹಿಡಿದು ಈ ದುಃಖವನ್ನು ತೋಡಿಕೊಂಡವರು ಒಬ್ಬಿಬ್ಬರಲ್ಲ.

"ಮನೆ ಮುಚ್ಚಿತ್ತು" ಎಂಬ ಒಂದೇ ಮಾತನ್ನು ಹಿಡಿದು ವಿದ್ಯುತ್ ಕಚೇರಿಗೆ ಹೋದರೆ ಕೆಲಸವಾಗದು. ಮನೆ ಮುಚ್ಚಿತ್ತೆಂಬುದಕ್ಕೆ ರೈಲ್ವೆ ಟಿಕೇಟನ್ನು ತೋರಿಸಬಹುದು. ಆದರೆ ಮೀಟರು ತಿರುಗಲಿಲ್ಲವೆಂಬುದಕ್ಕೆ ಅದು ಪುರಾವೆಯಾಗದು. ಕಚೇರಿಯವರು ಒಪ್ಪುವುದು ಅಂಕೆಗಳನ್ನು ಮಾತ್ರ. ಆದುದರಿಂದ ನಮ್ಮ ವಾದವೂ ಅಂಕೆಗಳಿಂದಲೇ ಆರಂಭವಾಗಬೇಕು.

ಮೊದಲು ನೋಡಬೇಕಾದುದು ಬಿಲ್ಲಿನಲ್ಲಿರುವ ಹಿಂದಿನ ರೀಡಿಂಗ್ ಮತ್ತು ಈಗಿನ ರೀಡಿಂಗ್. ಇವೆರಡೂ ಒಂದೇ ಆಗಿದ್ದು ಯೂನಿಟ್ಟುಗಳು ಮಾತ್ರ ಬರೆಯಲ್ಪಟ್ಟಿದ್ದರೆ, ಅಥವಾ ರೀಡಿಂಗಿನ ಜಾಗದಲ್ಲಿ 'ಲಾಕ್', 'ಫಾಲ್ಟಿ', 'ಎವರೇಜ್' ಎಂಬಂತಹ ಪದಗಳಿದ್ದರೆ, ಅದು ಮೀಟರನ್ನು ಓದಿ ಕೊಟ್ಟ ಬಿಲ್ಲಲ್ಲ, ಹಳೆಯ ಬಳಕೆಯ ಸರಾಸರಿಯ ಮೇಲೆ ಅಂದಾಜು ಮಾಡಿದ ಬಿಲ್ಲು. ನೀವು ಮನೆಯಲ್ಲಿದ್ದ ಬೇಸಿಗೆಯ ಬಳಕೆ ನೀವಿಲ್ಲದ ಮಳೆಗಾಲದ ಬಿಲ್ಲಿಗೆ ಹೀಗೆ ನುಸುಳಿಬಿಡುತ್ತದೆ. 2020ರ ಕೇಂದ್ರ ವಿದ್ಯುತ್ (ಗ್ರಾಹಕರ ಹಕ್ಕುಗಳು) ನಿಯಮಗಳ ಪ್ರಕಾರ ಒಂದು ಆರ್ಥಿಕ ವರ್ಷದಲ್ಲಿ ಇಂತಹ ತಾತ್ಕಾಲಿಕ ಬಿಲ್ಲುಗಳು ಎರಡಕ್ಕಿಂತ ಹೆಚ್ಚು ಬರಕೂಡದು. ಬೀಗ ಹಾಕಿದ ಮನೆಗೆ ಈ ಮಿತಿಯಿಂದ ವಿನಾಯಿತಿ ಇದೆಯೆನ್ನುವುದು ನಿಜ. ಆದರೆ ನಮ್ಮ ಕಟ್ಟಡಗಳಲ್ಲಿ ಮೀಟರುಗಳಿರುವುದು ಕೆಳ ಅಂತಸ್ತಿನ ಮೀಟರ್ ಕೋಣೆಯಲ್ಲಿ. ಮೂರನೆಯ ಮಾಳಿಗೆಯ ನಮ್ಮ ಬಾಗಿಲಿನ ಬೀಗಕ್ಕೂ ಅದಕ್ಕೂ ಏನು ಸಂಬಂಧ? ಈ ಪ್ರಶ್ನೆಯನ್ನು ಲಿಖಿತವಾಗಿ ಕೇಳುವುದು ಒಳ್ಳೆಯದು. ಮೀಟರು ಕೈಗೆ ಸಿಗದಿದ್ದಾಗ, ದಿನಾಂಕವಿರುವ ಮೀಟರಿನ ಛಾಯಾಚಿತ್ರವನ್ನು ನೋಂದಾಯಿತ ಮೊಬೈಲಿನಿಂದ ಕಳುಹಿಸುವ ಅವಕಾಶವನ್ನೂ ಅದೇ ನಿಯಮಗಳು ಕೊಟ್ಟಿವೆ. ಊರಿನಲ್ಲಿದ್ದವರಿಗಾಗಿ ತಿಂಗಳಿಗೊಂದು ಚಿತ್ರ ತೆಗೆದು ಕಳುಹಿಸುವ ನೆರೆಮನೆಯವರೊಬ್ಬರಿದ್ದರೆ ಸಾಕು, ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಇನ್ನೊಂದು ಸಂಗತಿ ಸ್ಲ್ಯಾಬಿಗೆ ಸಂಬಂಧಪಟ್ಟದ್ದು. ಮಹಾರಾಷ್ಟ್ರದಲ್ಲಿ ಮನೆಬಳಕೆಯ ದರವು 100, 300, 500 ಯೂನಿಟ್ಟುಗಳ ಮೆಟ್ಟಿಲುಗಳಲ್ಲಿ ಏರುತ್ತ ಹೋಗುತ್ತದೆ. ಆರು ತಿಂಗಳು ಓದದ ಮೀಟರನ್ನು ಒಮ್ಮೆಲೇ ಓದಿ 420 ಯೂನಿಟ್ ಎಂದು ಬರೆದುಕೊಂಡರೆನ್ನಿ. ಆರು ತಿಂಗಳಿಗೆ ಹಂಚಿದರೆ ತಿಂಗಳಿಗೆ 70 ಯೂನಿಟ್. ಎಲ್ಲವೂ ಅತಿ ಕಡಿಮೆ ದರದ ಮೊದಲ ಮೆಟ್ಟಿಲಿನಲ್ಲೇ ನಿಲ್ಲುತ್ತದೆ. ಒಂದೇ ತಿಂಗಳ ಲೆಕ್ಕಕ್ಕೆ ಹಾಕಿದರೆ ನೂರು ಯೂನಿಟ್ ಮೊದಲ ದರಕ್ಕೆ, ಇನ್ನೂರು ಎರಡನೆಯದಕ್ಕೆ, ಉಳಿದ ನೂರಿಪ್ಪತ್ತು ಮೂರನೆಯ ದರಕ್ಕೆ ಬೀಳುತ್ತವೆ. ಯೂನಿಟ್ಟುಗಳು ಸರಿಯಾಗಿದ್ದರೂ ಹಣ ತಪ್ಪು! 2020ರ ಲಾಕ್‌ಡೌನಿನಲ್ಲಿ ಮೀಟರ್ ಓದುವುದು ನಿಂತು, ಜೂನ್ ತಿಂಗಳಲ್ಲಿ ಕೂಡಿಬಂದ ಬಿಲ್ಲುಗಳು ರಾಜ್ಯದಾದ್ಯಂತ ಎಬ್ಬಿಸಿದ ಗದ್ದಲವನ್ನು ಓದುಗರು ಮರೆತಿರಲಾರರು. ಗಣಕಯಂತ್ರವೇ ಯೂನಿಟ್ಟುಗಳನ್ನು ತಿಂಗಳುಗಳಿಗೆ ಹಂಚುವುದುಂಟು. ಹಂಚಿದೆಯೋ ಇಲ್ಲವೋ ಎಂದು ನೋಡಿಕೊಳ್ಳುವ ಕೆಲಸ ಮಾತ್ರ ನಮ್ಮದು.

ಮುಚ್ಚಿದ ಮನೆಯ ಬಿಲ್ಲು ಶೂನ್ಯವಾಗಿರಬೇಕೆಂಬುದೂ ಸರಿಯಲ್ಲ. ಸ್ಥಿರ ಶುಲ್ಕ ಇದ್ದೇ ಇರುತ್ತದೆ. ಫ್ರಿಜ್ಜನ್ನು ಚಾಲೂ ಇಟ್ಟು ಹೋದರೆ ದಿನಕ್ಕೆ ಸುಮಾರು ಒಂದು ಯೂನಿಟ್. ಹತ್ತು ವ್ಯಾಟಿನ ಸೆಟ್‌ಟಾಪ್ ಪೆಟ್ಟಿಗೆ ಹಗಲಿರುಳು ಉರಿದರೆ ತಿಂಗಳಿಗೆ ಏಳು ಯೂನಿಟ್. ಗೀಸರಿನ ಸ್ವಿಚ್ಚನ್ನು ಮರೆತಿದ್ದರಂತೂ ಹೇಳುವುದೇ ಬೇಡ.

ಇವೆಲ್ಲವೂ ಇಲ್ಲದೆಯೂ ಬಿಲ್ಲು ಏರಿದ್ದರೆ ಮೀಟರ್ ಕೋಣೆಗೆ ಇಳಿಯಲೇಬೇಕು. ನಮ್ಮ ಪರಿಚಯದ ಹಿರಿಯರೊಬ್ಬರ ಮನೆಯಲ್ಲಿ ಮೂವತ್ತು ಯೂನಿಟ್ ದಾಟದಿದ್ದ ಬಿಲ್ಲು ಒಮ್ಮೆಲೇ ಇನ್ನೂರೈವತ್ತನ್ನು ಮೀರಿತು. "ಫ್ಯಾನಿನ ರೆಕ್ಕೆ ಸಹ ತಿರುಗಲಿಲ್ಲ ಮಾರಾಯ್ರೆ, ಯಾರು ಉಂಡದ್ದು ಇದನ್ನು?" ಎಂದು ಅವರು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಸೊಸೈಟಿಯ ಕಾರ್ಯದರ್ಶಿ ಹಾಗೂ ಇಲೆಕ್ಟ್ರಿಶಿಯನ್ನರ ಸಮ್ಮುಖದಲ್ಲಿ ಅವರ ಮನೆಯ ಮೇನ್ ಸ್ವಿಚ್ಚನ್ನು ಆರಿಸಿದೆವು. ಕೆಳಗೆ ಅವರ ಹೆಸರಿನ ಮೀಟರಿನ ಕೆಂಪು ದೀಪ ಮಿನುಗುತ್ತಲೇ ಇತ್ತು. ಬಳಿಕ ಸ್ವಿಚ್ಚು ಹಾಕಿ ಎರಡು ಕಿಲೋವ್ಯಾಟಿನ ಗೀಸರನ್ನು ಕಾಲು ಗಂಟೆ ನಡೆಸಿದೆವು. ಅರ್ಧ ಯೂನಿಟ್ ಏರಬೇಕಾಗಿತ್ತು. ಏರಿದ್ದು ಪಕ್ಕದ ಮೀಟರಿನಲ್ಲಿ! ಮೀಟರ್ ಬೋರ್ಡಿನ ದುರಸ್ತಿಯ ವೇಳೆ ಎರಡು ಮನೆಗಳ ತಂತಿಗಳು ಅದಲುಬದಲಾಗಿದ್ದವು. ಅದೇ ತಿಂಗಳಿನಿಂದ ಎದುರು ಮನೆಯವರ ಬಿಲ್ಲು ಇಳಿದಿತ್ತು. ಅವರು ಸಜ್ಜನರೇ. ಹೊಸ ಫ್ರಿಜ್ಜಿನ ಉಳಿತಾಯವೆಂದು ಸಂತೋಷಪಟ್ಟಿದ್ದರು. ತಪ್ಪು ತಿದ್ದಿದರೆ ಆ ಹಣ ಅವರ ತಲೆಗೆ ಬೀಳುವುದಿತ್ತು. ಇಪ್ಪತ್ತು ವರ್ಷಗಳ ನೆರೆಹೊರೆ ಇದರಿಂದ ಕೆಡಬಾರದೆಂದು ಎರಡೂ ಮನೆಯವರು ಒಟ್ಟಿಗೆ ಸಹಿ ಹಾಕಿ ಒಂದೇ ಅರ್ಜಿ ಕೊಟ್ಟರು. ಕಚೇರಿಯವರ ಜಂಟಿ ತಪಾಸಣೆ, ಬಿಲ್ಲುಗಳ ತಿದ್ದುಪಡಿ ಎಲ್ಲ ಮುಗಿಯಲು ನಾಲ್ಕು ತಿಂಗಳು ಹಿಡಿಯಿತು. ಎದುರು ಮನೆಯವರಿಗೆ ಕಂತುಗಳಲ್ಲಿ ಪಾವತಿಸುವ ಅವಕಾಶವೂ ದೊರೆಯಿತು.

ಇಂತಹ ಪರೀಕ್ಷೆಗಳನ್ನು ಸಾಕ್ಷಿಗಳ ಎದುರೇ ಮಾಡಬೇಕು. ಮೀಟರಿನ ಸೀಲನ್ನು ಮಾತ್ರ ಮುಟ್ಟಲೇಬಾರದು. ಮುಟ್ಟಿದರೆ ದೂರು ಕೊಟ್ಟವನೇ ಕಳ್ಳತನದ ಆರೋಪಕ್ಕೆ ಗುರಿಯಾದಾನು.

ಮೀಟರಿನ ಮೇಲೆಯೇ ಸಂಶಯವಿದ್ದರೆ ಬಾಯಿಮಾತು ಸಾಲದು. ಗ್ರಾಹಕ ಕ್ರಮಾಂಕ, ಮೀಟರ್ ಕ್ರಮಾಂಕ, ಹಿಂದಿನ ಹನ್ನೆರಡು ತಿಂಗಳುಗಳ ಯೂನಿಟ್ಟುಗಳು, ಇಂದಿನ ರೀಡಿಂಗಿನ ಛಾಯಾಚಿತ್ರ ಇವಿಷ್ಟನ್ನು ಸೇರಿಸಿ ಅರ್ಜಿ ಕೊಟ್ಟು, ಪ್ರತಿಯ ಮೇಲೆ ಮೊಹರು ಪಡೆಯಬೇಕು. ದೂರು ಬಂದ ಮೂವತ್ತು ದಿನಗಳೊಳಗೆ ಮೀಟರನ್ನು ಪರೀಕ್ಷಿಸಬೇಕೆಂಬುದು ಕೇಂದ್ರ ನಿಯಮ. 2024ರ ತಿದ್ದುಪಡಿ ಇನ್ನೂ ಉಪಯುಕ್ತವಾದುದು: ರೀಡಿಂಗ್ ಬಳಕೆಗೆ ತಕ್ಕುದಾಗಿಲ್ಲವೆಂದು ದೂರಿದರೆ ಐದು ದಿನಗಳೊಳಗೆ ಇನ್ನೊಂದು ಮೀಟರನ್ನು ಜೋಡಿಸಿ, ಕನಿಷ್ಠ ಮೂರು ತಿಂಗಳು ಬಳಕೆಯನ್ನು ತಾಳೆ ನೋಡಬೇಕು. ಇದನ್ನು ಕೇಳಿ ಪಡೆಯುವವರು ವಿರಳ.

ಸಿಟ್ಟಿನಿಂದ ಬಿಲ್ಲನ್ನೇ ಕಟ್ಟದೆ ಬಿಡುವುದು ಅಪಾಯಕಾರಿ. 2003ರ ವಿದ್ಯುತ್ ಕಾಯಿದೆಯ 56ನೆಯ ಕಲಮು ದಿಲ್ಲಿಯಿಂದ ಚೆನ್ನೈವರೆಗೆ ಎಲ್ಲೆಡೆಯೂ ಅನ್ವಯಿಸುತ್ತದೆ. ಸಂಪರ್ಕ ಕಡಿಯಲು ಹದಿನೈದು ಪೂರ್ಣ ದಿನಗಳ ಲಿಖಿತ ನೋಟೀಸು ಬೇಕೇ ಬೇಕು. ವಿವಾದವಿದ್ದಾಗ ಬಿಲ್ಲಿನ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿಯ ಲೆಕ್ಕದ ಹಣ, ಇವೆರಡರಲ್ಲಿ ಕಡಿಮೆಯಾದುದನ್ನು 'ಪ್ರತಿಭಟನೆಯೊಂದಿಗೆ' ಕಟ್ಟಿದರೆ, ವಿವಾದ ತೀರುವ ತನಕ ಸಂಪರ್ಕ ಕಡಿಯಲಾಗದು. ಬೀಗ ಹಾಕಿದ ಮನೆಯವರಿಗೆ ಇದರಿಂದ ಆಗುವ ಲಾಭ ದೊಡ್ಡದು, ಏಕೆಂದರೆ ಅವರ ಆರು ತಿಂಗಳ ಸರಾಸರಿ ಅತ್ಯಲ್ಪ. 'ಅಂಡರ್ ಪ್ರೊಟೆಸ್ಟ್' ಎಂದು ಪತ್ರದಲ್ಲಿ ಬರೆದೇ ಹಣ ಕಟ್ಟತಕ್ಕದ್ದು.

ಸ್ಥಳೀಯ ಕಚೇರಿ ಸ್ಪಂದಿಸದಿದ್ದರೆ ಕಾಯಿದೆಯ 42ನೆಯ ಕಲಮಿನನ್ವಯ ರಚಿತವಾದ ಗ್ರಾಹಕ ಕುಂದುಕೊರತೆ ನಿವಾರಣಾ ವೇದಿಕೆ ಇದೆ. ಮರಾಠಿಯಲ್ಲಿ ಇದನ್ನು 'ಗಾರ್‍ಹಾಣೆ ನಿವಾರಣ ಮಂಚ್' ಎಂದು ಕೇಳಿದರೆ ಕಚೇರಿಯಲ್ಲಿ ತಟ್ಟನೆ ತಿಳಿಯುತ್ತದೆ. ವಕೀಲರನ್ನು ನೇಮಿಸಬೇಕಾಗಿಲ್ಲ. ಮಹಾರಾಷ್ಟ್ರದಲ್ಲಿ ಕಾರಣ ಉದ್ಭವಿಸಿದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. ಅಲ್ಲಿಯ ತೀರ್ಪು ಒಪ್ಪಿಗೆಯಾಗದಿದ್ದರೆ ಅರುವತ್ತು ದಿನಗಳೊಳಗೆ ವಿದ್ಯುತ್ ಲೋಕಪಾಲರಿಗೆ ಮನವಿ ಮಾಡಬಹುದು. ಮುಂಬಯಿ ಮತ್ತು ನಾಗ್ಪುರಗಳಲ್ಲಿ ಅವರ ಕಚೇರಿಗಳಿವೆ.

ಬ್ಯಾಂಕಿನವರಾಗಿ ಎರಡು ಮಾತು. ಊರಿಗೆ ಹೊರಡುವವರು ಬಿಲ್ಲು ಖಾತೆಯಿಂದ ತಾನಾಗಿ ಪಾವತಿಯಾಗುವಂತೆ ವ್ಯವಸ್ಥೆ ಮಾಡಿಹೋಗುತ್ತಾರೆ. ತಪ್ಪು ಬಿಲ್ಲೂ ಹಾಗೆಯೇ ಸದ್ದಿಲ್ಲದೆ ಪಾವತಿಯಾಗುತ್ತದೆ. ಇಂತಹ ಅನುಮತಿ ಪತ್ರದಲ್ಲಿ ಗರಿಷ್ಠ ಮೊತ್ತವನ್ನು ನಮೂದಿಸುವ ಜಾಗವಿದೆ. ಅಲ್ಲಿ ಸಣ್ಣ ಮೊತ್ತವನ್ನೇ ಬರೆಯಿರಿ. ಇನ್ನು, "ಇಂದು ರಾತ್ರಿ ವಿದ್ಯುತ್ ಕಡಿತವಾಗುವುದು, ಕೂಡಲೇ ಈ ಸಂಖ್ಯೆಗೆ ಕರೆ ಮಾಡಿ" ಎಂಬ ಸಂದೇಶ ಬಂದರೆ ಆ ಹದಿನೈದು ದಿನಗಳ ನೋಟೀಸನ್ನು ನೆನಪಿಸಿಕೊಂಡು ಸುಮ್ಮನಿರಿ. ಕರೆ ಮಾಡಿದವರ ಖಾತೆಗಳು ಬರಿದಾದ ಪ್ರಕರಣಗಳು ಹಲವು.