ಹದಿನಾಲ್ಕು ಕ್ಯಾರೆಟ್ಟಿನ ಸ್ವಾತಂತ್ರ್ಯ

ವ್ಯಕ್ತಿಸ್ವಾತಂತ್ರ್ಯವನ್ನು ಕುರಿತು ಪಂಡಿತರು ದೊಡ್ಡ ದೊಡ್ಡ ಗ್ರಂಥಗಳನ್ನು ರಚಿಸಿರುವರು. ಅವುಗಳಲ್ಲಿ ಕೆಲವನ್ನು ನಾವೂ ಓದಿ, ಕನ್ನಡಕವನ್ನು ಒರಸಿಕೊಂಡು, ಅರ್ಥವಾದವರಂತೆ ತಲೆದೂಗಿದ್ದುಂಟು. ಆದರೆ ಆ ವಿಷಯವು ನಮಗೆ ನಿಜವಾಗಿ ಮನದಟ್ಟಾದುದು ಗ್ರಂಥಾಲಯದಲ್ಲಲ್ಲ. ನಮ್ಮ ಮನೆಯ ಒಡವೆಯ ಪೆಟ್ಟಿಗೆಯ ಮುಂದೆ.

ಮೊನ್ನೆ ಆ ಪೆಟ್ಟಿಗೆಯ ತಳದಿಂದ ಒಂದು ತೆಳ್ಳನೆಯ ಉಂಗುರವು ಹೊರಬಂದಿತು. ಬಣ್ಣವು ಕೊಂಚ ಪೆಚ್ಚು.

"ಅಜ್ಜಿ, ಇದು ಹಿತ್ತಾಳೆಯೇ?" ಎಂದು ನಮ್ಮ ಮಗಳು ಕೇಳಿದಳು.

"ಅಲ್ಲ ಕಣೇ, ಅದು ಸರ್ಕಾರದ ಚಿನ್ನ!" ಎಂದರು ನಮ್ಮ ತಾಯಿಯವರು.

ಅವರ ಲಗ್ನವಾದುದು ೧೯೬೪ರಲ್ಲಿ. ಅದಕ್ಕೆ ಹಿಂದಿನ ಕಥೆಯು ವಾಚಕರಲ್ಲಿ ಹಿರಿಯರಿಗೆ ನೆನಪಿರಬಹುದು. ೧೯೬೨ರ ಚೀನಾ ಯುದ್ಧದ ತರುವಾಯ ದೇಶದ ವಿದೇಶೀ ವಿನಿಮಯದ ಬೊಕ್ಕಸವು ಬಡವಾಗಿದ್ದಿತು. ಕಳ್ಳಸಾಗಣೆಯಿಂದ ಬರುವ ಚಿನ್ನಕ್ಕಾಗಿ ಹಣವು ಹೊರಕ್ಕೆ ಸೋರುತ್ತಿದ್ದಿತು. ಜನರ ಚಿನ್ನದ ಮೋಹವನ್ನು ಕುಗ್ಗಿಸಿದರೆ ಸೋರಿಕೆಯು ನಿಲ್ಲುವುದೆಂದು ಬಗೆದು, ಆಗಿನ ಅರ್ಥಸಚಿವರಾದ ಮೊರಾರ್ಜಿ ದೇಸಾಯಿಯವರು ೧೯೬೩ರ ಜನವರಿಯಲ್ಲಿ ಚಿನ್ನದ ನಿಯಂತ್ರಣವನ್ನು ಜಾರಿಗೆ ತಂದರು. ಹದಿನಾಲ್ಕು ಕ್ಯಾರೆಟ್ಟಿಗಿಂತ ಶುದ್ಧವಾದ ಹೊಸ ಒಡವೆಯನ್ನು ಯಾರೂ ಮಾಡಕೂಡದೆಂದಾಯಿತು. ಎಂದರೆ, ೨೪ ಪಾಲಿನಲ್ಲಿ ೧೪ ಪಾಲು ಚಿನ್ನ. ಮಿಕ್ಕ ೧೦ ಪಾಲು ತಾಮ್ರವೇ ಮೊದಲಾದ ಬೇರೆ ಲೋಹ.

ಉದ್ದೇಶವೇನೋ ಕೆಟ್ಟದ್ದಲ್ಲ. ಆದರೆ ಈ ಯೋಜನೆಯನ್ನು ಹೂಡಿದವರು ಯಾವ ಗೃಹಿಣಿಯನ್ನೂ ಕೇಳಿದಂತೆ ತೋರುವುದಿಲ್ಲ. ನಮ್ಮ ಮನೆಗಳಲ್ಲಿ ಚಿನ್ನವೆಂಬುದು ಕೇವಲ ಅಲಂಕಾರವಲ್ಲ. ಅದು ಗುಮಾಸ್ತನಿಲ್ಲದ ಬ್ಯಾಂಕು. ಮಳೆ ಕೈಕೊಟ್ಟ ವರ್ಷ, ಮಗನ ಫೀಜು ಕಟ್ಟುವ ದಿನ, ಯಜಮಾನನು ಹಾಸಿಗೆ ಹಿಡಿದ ಕಾಲ, ಆಗೆಲ್ಲ ಬಾಗಿಲು ತೆರೆಯುವುದು ಅದೊಂದೇ. ಅಂತಹ ಬ್ಯಾಂಕಿನಲ್ಲಿ ಹತ್ತು ಪಾಲು ತಾಮ್ರವನ್ನು ಬೆರೆಸಿಕೊಳ್ಳಿರೆಂದರೆ ಯಾವ ತಾಯಿ ಒಪ್ಪಿಯಾಳು? ಒಂದೇ ಸೂರಿನಡಿ ಇರುವ ಗಂಡನು ಜನ್ಮವಿಡೀ ಉಪದೇಶಮಾಡಿದರೂ ಗುಲಗಂಜಿಯಷ್ಟು ಕಡಮೆಯಾಗದ ಆಸೆಯು, ದೆಹಲಿಯ ಗೆಜೆಟ್ಟಿಗೆ ಹೆದರಿ ಕಡಮೆಯಾಗುವುದುಂಟೆ?

ಇಲ್ಲಿ ನಗೆಯನ್ನು ಕೊಂಚ ಬದಿಗಿಡಬೇಕು. ಅಕ್ಕಸಾಲಿಯ ಬೆರಳುಗಳಿಗೆ ತಿಳಿದಿದ್ದುದು ಮೆದುವಾದ ಅಪ್ಪಟ ಚಿನ್ನದ ಹದ. ಈ ಹೊಸ ಮಿಶ್ರಲೋಹವಾದರೋ ಗಡಸು. ಹಳೆಯ ಬೆಸುಗೆಯೂ ಹಳೆಯ ಕುಸುರಿಯೂ ಅದಕ್ಕೆ ಒಗ್ಗಲಿಲ್ಲ. ಕೊಳ್ಳುವವರೂ ಬರಲಿಲ್ಲ. ದೇಶದಲ್ಲಿ ಸಾವಿರಾರು ಅಕ್ಕಸಾಲಿಗರ ಅಗ್ಗಿಷ್ಟಿಕೆಗಳು ತಣ್ಣಗಾದುವು. ತಲೆತಲಾಂತರದ ವಿದ್ಯೆಯುಳ್ಳವರು ಬೇರೆ ಕೂಲಿಯನ್ನು ಅರಸಿದರು. ಕಳ್ಳಸಾಗಣೆಯವನ ಒಲೆಯು ಮಾತ್ರ ಆರಲಿಲ್ಲ. ೧೯೬೬ರಲ್ಲಿ ಹದಿನಾಲ್ಕು ಕ್ಯಾರೆಟ್ಟಿನ ಕಟ್ಟಳೆಯು ಹೋಯಿತು. ಆದರೆ ೧೯೬೮ರ ಶಾಸನದಿಂದ, ಗೃಹಸ್ಥನು ಮನೆಯಲ್ಲಿ ಚಿನ್ನದ ಗಟ್ಟಿಯನ್ನು ಇಟ್ಟುಕೊಳ್ಳುವುದೇ ಅಪರಾಧವಾಯಿತು. ಕೋಲಾರದ ಗಣಿಯಿಂದ ಚಿನ್ನ ತೆಗೆಯುತ್ತಿದ್ದ ನಾಡಿನಲ್ಲಿಯೇ ಈ ಪಾಡು! ಆ ಶಾಸನವು ರದ್ದಾದುದು ೧೯೯೦ರಲ್ಲಿ.

ಹಾಗಾದರೆ ಪೇಟೆಯನ್ನು ಅದರ ಪಾಡಿಗೆ ಬಿಟ್ಟುಬಿಡೋಣವೇ? ಕಟುಕನೂ ರೊಟ್ಟಿ ಸುಡುವವನೂ ನಮ್ಮ ಊಟವನ್ನು ಒದಗಿಸುವುದು ದಯೆಯಿಂದಲ್ಲ, ಸ್ವಂತ ಲಾಭಕ್ಕಾಗಿ, ಎಂದು ಆಡಮ್ ಸ್ಮಿತ್ ೧೭೭೬ರಲ್ಲಿ ಬರೆದನು. ಮಾತು ನಿಜ. ಆದರೆ ಆ ಲಾಭದ ಇನ್ನೊಂದು ಮುಖವನ್ನು ನಮ್ಮ ಹಿರಿಯರು ನಾಲ್ಕೇ ಮಾತಿನಲ್ಲಿ ಹೇಳಿಟ್ಟಿರುವರು: ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ. (ಪ್ರಾಮಾಣಿಕರಾದ ಅಕ್ಕಸಾಲಿಗರು ನಮ್ಮನ್ನು ಕ್ಷಮಿಸಬೇಕು, ಗಾದೆ ನಮ್ಮದಲ್ಲ.) ಒರೆಗಲ್ಲಿಲ್ಲದ ಪೇಟೆಯಲ್ಲಿ ಸ್ವಾತಂತ್ರ್ಯವು ಮಾರುವವನಿಗೆ ಮಾತ್ರ; ಕೊಳ್ಳುವವನಿಗೆ ಉಳಿಯುವುದು ನಂಬಿಕೆಯೊಂದೇ.

ಆದುದರಿಂದಲೇ ೨೦೨೧ರ ಜೂನ್ ತಿಂಗಳಿನಿಂದ, ಹಂತಹಂತವಾಗಿ ಜಿಲ್ಲೆಗಳಲ್ಲಿ ಹಾಲ್‌ಮಾರ್ಕ್ ಮುದ್ರೆಯನ್ನು ಕಡ್ಡಾಯಗೊಳಿಸಿದುದು ನಮಗೆ ಬೇಸರವನ್ನುಂಟುಮಾಡಲಿಲ್ಲ. ೯೧೬ ಎಂದಿದ್ದರೆ ಇಪ್ಪತ್ತೆರಡು ಕ್ಯಾರೆಟ್ಟು; ಸಾವಿರ ಪಾಲಿಗೆ ೯೧೬ ಪಾಲು ಚಿನ್ನ. ೫೮೫ ಎಂದಿದ್ದರೆ ಹದಿನಾಲ್ಕು. ಹಿಂದಿನ ಕಾನೂನು "ಇದನ್ನೇ ತೊಡು" ಎಂದಿತು. ಇಂದಿನದು "ಏನನ್ನಾದರೂ ಮಾರು, ಆದರೆ ನಿಜವನ್ನು ಹೇಳಿ ಮಾರು" ಎನ್ನುತ್ತದೆ. ಎರಡೂ ಸರ್ಕಾರದ ಕಟ್ಟಳೆಗಳೇ. ಆದರೆ ಮೊದಲನೆಯದು ಆಯ್ಕೆಯನ್ನು ಕಿತ್ತುಕೊಂಡಿತು, ಎರಡನೆಯದು ಆಯ್ಕೆಗೆ ಕಣ್ಣನ್ನು ಕೊಟ್ಟಿತು.

ಇನ್ನು ವಿಧಿಯ ವಿನೋದವನ್ನು ಕೇಳಿರಿ. ಚಿನ್ನದ ಬೆಲೆ ಗಗನಕ್ಕೇರಿದ ಮೇಲೆ ಪೇಟೆಯಲ್ಲಿ ಹದಿನಾಲ್ಕು ಕ್ಯಾರೆಟ್ಟಿನ ಒಡವೆಗಳನ್ನು ಕೊಳ್ಳುವವರು ಹುಟ್ಟಿಕೊಂಡಿರುವರು. ನಮ್ಮ ಮಗಳೂ ತನ್ನ ಸಂಬಳದಲ್ಲಿ ಅಂತಹದೊಂದು ಸರವನ್ನು ತಂದು, "ಹಗುರವಾಗಿದೆ, ಆಫೀಸಿಗೆ ಚೆನ್ನ" ಎಂದು ಕುಣಿದಾಡಿದಳು. ಬಲವಂತದ ಮಾಘಸ್ನಾನವೆಂದು ಊರೆಲ್ಲ ಶಪಿಸಿದ ಚಿನ್ನವೇ ಅದು!

ನಮ್ಮ ತಾಯಿಯವರು ಹಳೆಯ ಉಂಗುರವನ್ನೂ ಹೊಸ ಸರವನ್ನೂ ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದರು. "ಎರಡೂ ಒಂದೇ ಚಿನ್ನ. ಆದರೆ ಅಂದು ಅವರು ತೊಡಿಸಿದರು, ಇಂದು ನೀನು ತೊಟ್ಟೆ," ಎಂದರು.

ಗ್ರಂಥಗಳಲ್ಲಿ ನಾವು ಹುಡುಕುತ್ತಿದ್ದುದು ಇದನ್ನೇ ಎಂದು ತೋರುತ್ತದೆ. ಆ ಸಂತೋಷದಲ್ಲಿರುವಾಗಲೇ ನಮ್ಮ ಮನೆಯವರು, ಮಗಳ ಮದುವೆಗೆ ಮಾತ್ರ ಇಪ್ಪತ್ತೆರಡು ಕ್ಯಾರೆಟ್ಟೇ ಆಗಬೇಕೆಂದು ಅಪ್ಪಣೆ ಕೊಡಿಸಿದರು. ಆಯ್ಕೆಯ ಸ್ವಾತಂತ್ರ್ಯವು ಅವರದು. ಹಣ ತೆರುವ ಸ್ವಾತಂತ್ರ್ಯವು ನಮ್ಮದು.